ಹುಡೇವು ಸಹಿತ ಮನೆ ಮಾರುವುದಿದೆ

ಕನಕಗಿರಿ ಸೀಮೆಯ ಒಂದು ಹಳ್ಳಿಯಲ್ಲಿ ಗೌಡರ ವಾಡೆಯೊಂದು ಮಾರಾಟಕ್ಕಿದೆ. ಊರ ಹೆಸರು ಹೇಳುವುದಿಲ್ಲ; ಹೇಳಿದರೆ ನಾಳೆಯೇ ನಾಲ್ಕು ಮಂದಿ ದಲಾಲರು ಹೋಗಿ ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, ಇರುವ ಧಾರಣೆಯನ್ನೂ ಕೆಡಿಸಿ ಬರುತ್ತಾರೆ. ಮನೆಯ ಅಳಿಯ ವಾಟ್ಸಾಪಿಗೆ ಹಾಕಲು ಬರೆದಿಟ್ಟ ಒಕ್ಕಣೆಯನ್ನು ನನಗೂ ತೋರಿಸಿದ. ಹಳೇ ವಾಡೆ, ಸಾಗವಾನಿ ಕಂಬ, ಅಗಸಿ ಬಾಗಿಲು, ಹಿತ್ತಲು, ಸಿಹಿನೀರಿನ ಬಾವಿ, ಡಾಂಬರು ರಸ್ತೆಗೆ ಸಮೀಪ. ಎಲ್ಲ ಇತ್ತು, ಹುಡೇವು ಒಂದನ್ನು ಬಿಟ್ಟು. ಆ ಊರಿಗೆ ಹೋಗುವವರ ಕಣ್ಣಿಗೆ ಊರಿಗಿಂತ ಮೊದಲು ಬೀಳುವುದೇ ಅದು.

‘ಅದನ್ಯಾಕ ಬಿಟ್ಟಿ?’ ಎಂದೆ.

‘ಅದನ್ನ ಬರದ್ರ ರೇಟು ಇಳೀತೈತ್ರಿ ಕಾಕಾ’ ಎಂದ.

ದಕ್ಷಿಣದ ಓದುಗರಿಗಾಗಿ ಎರಡು ಮಾತು. ಹುಡೇವು ಎಂದರೆ ಕಾವಲು ಬುರುಜು. ಬುಡ ಅಗಲ, ಮೇಲೇರಿದಂತೆ ಸಣ್ಣಗಾಗುವ ದುಂಡು ಕಟ್ಟಡ. ಹೊರಮೈಗೆ ಸುತ್ತಲ ಗುಡ್ಡದ ಕಲ್ಲು, ಒಡಲಿಗೆ ಮಣ್ಣು ಮತ್ತು ಹರಳು. ನೆತ್ತಿಯಲ್ಲಿ ಎದೆಮಟ್ಟದ ಗೋಡೆ, ಗೋಡೆಯಲ್ಲಿ ಬಂದೂಕು ಚಾಚುವ ಕಿಂಡಿ. ಹತ್ತಲು ಒಬ್ಬನೇ ನುಸುಳುವಷ್ಟು ಇಕ್ಕಟ್ಟಾದ ಮೆಟ್ಟಿಲು, ಯಾಕೆಂದರೆ ಮೇಲಿರುವವನಿಗೆ ಕೆಳಗಿನಿಂದ ಒಬ್ಬೊಬ್ಬರೇ ಬಂದರೆ ಅನುಕೂಲ. ಇದರ ಹಿರಿಯಣ್ಣನನ್ನು ನೋಡಬೇಕೆಂದರೆ ವಿಜಯಪುರಕ್ಕೆ ಹೋಗಿ. ಹೈದರ್‌ಖಾನ್ 1584ರ ಸುಮಾರಿಗೆ ಕಟ್ಟಿಸಿದ ಉಪ್ಪಲಿ ಬುರುಜು 80 ಅಡಿ ಎತ್ತರ ನಿಂತಿದೆ, ಮೇಲೆ ಉದ್ದನೆಯ ತೋಪುಗಳು ಈಗಲೂ ಮಲಗಿವೆ. ಅದು ಬಾದಶಾಹಿ ರಾಜಧಾನಿಯದು. ನಮ್ಮ ಹಳ್ಳಿಯ ಹುಡೇವಿಗೆ ಅಷ್ಟು ಎತ್ತರವಿಲ್ಲ, ತೋಪೂ ಇಲ್ಲ, ಕಟ್ಟಿಸಿದವನ ಹೆಸರಿನ ಶಾಸನವೂ ಇಲ್ಲ. ಪಾಳೆಯಗಾರರ ಕಾಲದ್ದು ಎಂದು ಊರವರು ಹೇಳಿ ಮುಗಿಸುತ್ತಾರೆ.

ಪಾಳೆಯಗಾರರ ಕಾಲ ಎಂದರೆ ಈ ಸೀಮೆಯಲ್ಲಿ ಸಣ್ಣ ಕಾಲವಲ್ಲ. ಕನಕಗಿರಿಯ ನಾಯಕರು ವಿಜಯನಗರಕ್ಕೆ ನಡೆದುಕೊಂಡವರು. ಕನಕಾಚಲಪತಿಯ ಗುಡಿಯನ್ನು, ಅದರ ವಿಶಾಲ ಮಂಟಪವನ್ನು ನೋಡಿದವರಿಗೆ ಅವರ ಕೈ ಎಷ್ಟು ದೊಡ್ಡದಿತ್ತೆಂದು ತಿಳಿಯುತ್ತದೆ. 1565ರಲ್ಲಿ ರಕ್ಕಸಗಿ ತಂಗಡಗಿಯ ಯುದ್ಧವಾಗಿ ಹಂಪಿ ಹಾಳಾದ ಮೇಲೆ ತುಂಗಭದ್ರೆಯ ಉತ್ತರ ದಂಡೆಗೆ ಒಡೆಯರು ಬದಲಾಗುತ್ತಲೇ ಹೋದರು. ಆದಿಲಶಾಹಿ, ಮರಾಠರು, ಹೈದರ್, ಟಿಪ್ಪು, ನಿಜಾಮ. ಟಿಪ್ಪು 1786ರಲ್ಲಿ ಕೊಪ್ಪಳದ ಕೋಟೆಯನ್ನು ಹಿಡಿದು ಫ್ರೆಂಚ್ ಎಂಜಿನಿಯರುಗಳಿಂದ ಭದ್ರಪಡಿಸಿದ. 1790ರಲ್ಲಿ ಇಂಗ್ಲಿಷರು ಮತ್ತು ನಿಜಾಮನ ದಂಡು ಬಂದು ತಿಂಗಳುಗಟ್ಟಲೆ ಮುತ್ತಿಗೆ ಹಾಕಿತು. ಇದೆಲ್ಲ ಪುಸ್ತಕದಲ್ಲಿದೆ. ಆ ದಂಡಿಗೆ ಜೋಳ ಎಲ್ಲಿಂದ ಬಂತು, ಮೇವು ಯಾರ ಬಣವೆಯಿಂದ ಹೋಯಿತು ಎಂಬುದು ಮಾತ್ರ ಪುಸ್ತಕದಲ್ಲಿಲ್ಲ. ಅದು ಇಂಥ ಹಳ್ಳಿಗಳಿಂದ ಹೋಯಿತು. ದಂಡು ಹೋದರೆ ಲೂಟಿಗಾರರು, ಅವರು ಹೋದರೆ ಪಿಂಡಾರಿಗಳು. ಪಿಂಡಾರಿಗಳ ಕಾಟ ಅಡಗಿದ್ದು 1818ರ ಹೊತ್ತಿಗೆ. ಅಲ್ಲಿಯವರೆಗೆ ಹುಡೇವಿನ ಮೇಲೆ ಕೂತ ತಳವಾರನ ಕಣ್ಣೇ ಊರಿನ ಆಯುಷ್ಯ. ದೂರದಲ್ಲಿ ಧೂಳೆದ್ದರೆ ಅವನು ಕೊಂಬು ಊದಬೇಕು, ಹೊಲದಲ್ಲಿದ್ದವರು ದನ ಹೊಡೆದುಕೊಂಡು, ಕೂಸು ಬಗಲಿಗಿಟ್ಟುಕೊಂಡು ವಾಡೆಯೊಳಗೆ ಬರಬೇಕು, ಅಗಸಿ ಮುಚ್ಚಬೇಕು.

ಹಾಗೆ ಮುಚ್ಚುತ್ತಿದ್ದ ಬಾಗಿಲು ಈ ಮನೆಯಲ್ಲಿ ಇನ್ನೂ ಇದೆ. ಎತ್ತಿನ ಬಂಡಿ ಹೊಟ್ಟು ಹೇರಿಕೊಂಡು ಹೋಗುವಷ್ಟು ದೊಡ್ಡದು, ಮೈತುಂಬ ಕಬ್ಬಿಣದ ಮೊಳೆ. ದಿನಬಳಕೆಗೆ ಅದರೊಳಗೇ ಒಂದು ದಿಡ್ಡಿ ಬಾಗಿಲು. ತಲೆ ಬಗ್ಗಿಸದೆ ಅದರೊಳಗೆ ಹೋಗಲಾಗದು. ಗೌಡರಿಗೆ ಗೌರವ ಕೊಟ್ಟಂತಾಯಿತು ಎಂದು ಕೆಲವರು ವಿವರಿಸುತ್ತಾರೆ. ನನಗೆ ಅನಿಸುವುದು ಬೇರೆ: ತಲೆ ಬಗ್ಗಿಸಿ ಒಳಗೆ ಬರುವವನು ಕತ್ತಿ ಬೀಸಲಾರ. ಒಳಗೆ ಎಡಬಲಕ್ಕೆ ಕಟ್ಟೆ, ಮುಂದೆ ಅಂಗಳ, ದನದ ಕೊಟ್ಟಿಗೆ, ಆಮೇಲೆ ಪಡಸಾಲೆ. ಅಳತೆ ಕೇಳಿದರೆ ಹಳಬರು ಅಂಕಣದಲ್ಲಿ ಹೇಳುತ್ತಾರೆ, ಹುಡುಗರು ಚದರಡಿಯಲ್ಲಿ. ಪಡಸಾಲೆಯ ನೆಲದ ಕೆಳಗೆ ಹಗೇವು. ಜೋಳ ತುಂಬಿ ಬಾಯಿ ಮುಚ್ಚಿ ಮಣ್ಣು ಮೆತ್ತಿ ಸಾರಿಸಿಬಿಟ್ಟರೆ ಮೇಲೆ ನಿಂತವನಿಗೂ ಗೊತ್ತಾಗದು. ಕಾಳನ್ನು ಭೂಮಿಯೊಳಗೆ ಇಳಿಸಿ, ಕಣ್ಣನ್ನು ಆಕಾಶಕ್ಕೆ ಏರಿಸಿ ಬದುಕಿದ ಜನ.

ನಾನು ಹೀಗೆ ಹೊಗಳುತ್ತಿದ್ದುದನ್ನು ಮನೆಯ ಹಿರಿಯಮ್ಮ ಕೇಳಿಸಿಕೊಳ್ಳುತ್ತಿದ್ದರು. ಬೆಳ್ಳುಳ್ಳಿ ಸುಲಿಯುತ್ತಲೇ ಹೇಳಿದರು, ‘ನೋಡಾಕ ಚಂದ ಐತಿ ತಮ್ಮಾ. ಬಾಳೇವು ಮಾಡಾಕ ಅಲ್ಲ.’

ಅವರ ಲೆಕ್ಕ ಸರಿಯಿದೆ. ಮಣ್ಣಿನ ಮಾಳಿಗೆ ವರ್ಷಕ್ಕೊಮ್ಮೆ ಕೈ ಕೇಳುತ್ತದೆ. ಮಿರಗದ ಮಳೆಗೆ ಮೊದಲು ಕರಲು ಮಣ್ಣು ಹೇರಿಸಿ, ಮೇಲೆ ಹರಡಿ, ತುಳಿಸಿ, ನೀರು ಹರಿಯುವ ಇಳಿಜಾರು ತಿದ್ದಿಸಬೇಕು. ಹಿಂದೆ ಮನೆಗೆ ಆಳುಕಾಳಿತ್ತು, ಈಗ ಆ ಮಣ್ಣು ಸಿಗುವ ಜಾಗವನ್ನು ತೋರಿಸುವವರೇ ಇಲ್ಲ. ಒಂದು ವರ್ಷ ಬಿಟ್ಟರೆ ಹುಲ್ಲು ಹುಟ್ಟುತ್ತದೆ, ಎರಡು ವರ್ಷ ಬಿಟ್ಟರೆ ಜಂತಿ ಕೊಳೆಯುತ್ತದೆ. ಹಿಡಿದ ಮಳೆ ಬಿಡದಿದ್ದರೆ ರಾತ್ರಿ ಯಾರಿಗೂ ನಿದ್ದೆಯಿಲ್ಲ. ಮಾಳಿಗೆ ಕುಸಿದು ಮಲಗಿದವರು ಸತ್ತ ಸುದ್ದಿ ಈ ಜಿಲ್ಲೆಗಳ ಪತ್ರಿಕೆಗಳಲ್ಲಿ ಮಳೆಗಾಲಕ್ಕೆ ತಪ್ಪುವುದಿಲ್ಲ. ಪರಂಪರೆ ಉಳಿಸಿ ಎಂದು ಬೇರೆಯವರ ಮಾಳಿಗೆಯ ಬಗ್ಗೆ ಬರೆಯುವ ನಾವೆಲ್ಲ ಆರ್‌ಸಿಸಿಯ ಕೆಳಗೆ ಮಲಗುತ್ತೇವೆ.

ಇನ್ನು, ವಾಡೆ ಬಡವಾದದ್ದಕ್ಕೆ ನಾನು ಅಳಲಾರೆ. ಕೊಪ್ಪಳ, ಯಲಬುರ್ಗಾ ನಿಜಾಮನ ದಿವಾನರಾಗಿದ್ದ ಸಾಲಾರ್‌ಜಂಗರ ಜಾಗೀರಾಗಿತ್ತು. 1948ರಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು, 1949ರಲ್ಲಿ ಜಾಗೀರುಗಳು ರದ್ದಾದವು. 1963ರಲ್ಲಿ ಗೌಡಕಿ, ಕುಲಕರ್ಣಿಕಿ ಹೋದವು. 1974ರಲ್ಲಿ ಉಳುವವನೇ ಒಡೆಯನಾದ. ಹೊಲ ಹೋದ ಮೇಲೆ ವಾಡೆಗೆ ಆಳಿಲ್ಲ, ಆಳಿಲ್ಲದ ಮೇಲೆ ಮಾಳಿಗೆಗೆ ಮಣ್ಣಿಲ್ಲ. ಆದರೆ ಅಗಸಿಯ ಹೊರಗೆ ಕೆರವು ಬಿಟ್ಟು, ಅಂಗಳದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದವರ ಮೊಮ್ಮಕ್ಕಳು ಈಗ ಅದೇ ಹೊಲದ ಪಹಣಿಯಲ್ಲಿದ್ದಾರೆ. ಹುಡೇವಿನ ಕಲ್ಲನ್ನೂ ಬಿಟ್ಟಿ ಕೆಲಸದವರೇ ಹೊತ್ತಿರಬೇಕು; ಕೂಲಿ ಕೊಟ್ಟು ಬುರುಜು ಕಟ್ಟಿಸಿದ ಪಾಳೆಯಗಾರನ ಕತೆಯನ್ನು ನಾನು ಕೇಳಿಲ್ಲ. ಇಷ್ಟಾಗಿಯೂ, ಧೂಳೆದ್ದ ದಿನ ಆ ಕಲ್ಲು ಹೊತ್ತವರೂ ಒಳಗೆ ಬಂದಿದ್ದರು. ಈ ಎರಡನೆಯ ಮಾತೇ ಮುಂದೆ ಮಾರಾಟಕ್ಕೆ ಅಡ್ಡ ಬಂತು.

ಮಾರುವುದೆಂದರೆ ಮೊದಲು ಸಹಿ. ನಾಲ್ವರು ಅಣ್ಣತಮ್ಮಂದಿರು: ಒಬ್ಬ ಗಂಗಾವತಿಯಲ್ಲಿ ಅಕ್ಕಿ ವ್ಯಾಪಾರ, ಒಬ್ಬ ಹೊಸಪೇಟೆ, ಒಬ್ಬ ಬೆಂಗಳೂರಿನ ಫ್ಲಾಟು, ಹಿರಿಯರು ಊರಲ್ಲೇ. 2005ರ ತಿದ್ದುಪಡಿಯ ಮೇಲೆ ಹೆಣ್ಣುಮಕ್ಕಳ ಸಹಿಯೂ ಬೇಕು, ಅದು ಬೇಕಾದದ್ದೇ. ಹಿಂದೆ ವಾಟ್ನಿ ಆದಾಗ ಪಡಸಾಲೆಯ ನಡುವೆ ಇಟ್ಟಿಗೆ ಗೋಡೆ ಎದ್ದಿತ್ತು. ಕಂಬಗಳನ್ನು ಎಣಿಸಿ ಹಂಚಿದ್ದರು. ಒಂದು ಕಂಬ ಗೋಡೆಯೊಳಗೇ ಸಿಕ್ಕಿ ಇಬ್ಬರಿಗೂ ಅರ್ಧರ್ಧ ಕಾಣುತ್ತದೆ. ಬಾವಿ ಮತ್ತು ಹುಡೇವು ಸಾಮಾಯಿಕ ಎಂದು ಬರೆದು ಕೈಬಿಟ್ಟಿದ್ದರು. ಬಾವಿಯದು ಸರಿ, ನೀರು ಎಲ್ಲರಿಗೂ ಬೇಕು. ಹುಡೇವು ಸಾಮಾಯಿಕ ಎಂದರೆ ರಿಪೇರಿ ಯಾರದ್ದೂ ಅಲ್ಲ ಎಂದರ್ಥ. ನೆತ್ತಿಯ ಮೇಲೆ ಅರಳಿ ಗಿಡ ಬೇರುಬಿಟ್ಟಿದೆ, ಕಿಂಡಿಗಳಲ್ಲಿ ಗಿಳಿಗಳಿವೆ.

ಆಮೇಲೆ ಪಂಚಾಯತಿಯ ಕಾಗದ. ಉತಾರ, ಇ-ಸ್ವತ್ತು, 9 ಮತ್ತು 11ನೇ ನಮೂನೆ. ಅವುಗಳಲ್ಲಿ ಪೂರ್ವ ಪಶ್ಚಿಮ ಎಷ್ಟು, ಉತ್ತರ ದಕ್ಷಿಣ ಎಷ್ಟು ಎಂದು ಕೇಳುತ್ತಾರೆ. ಎತ್ತರ ಕೇಳುವುದಿಲ್ಲ. ಮೂರಾಳೆತ್ತರಕ್ಕಿಂತಲೂ ಮೇಲೆದ್ದ ಕಟ್ಟಡ ಸರಕಾರದ ಲೆಕ್ಕದಲ್ಲಿ ಒಂದು ದುಂಡು ಖುಲ್ಲಾ ಜಾಗ.

ಕೊಳ್ಳುವವರೂ ಬಂದರು. ಮೊದಲು ಬಂದವನು ಹಳೇ ಕಟ್ಟಿಗೆ ವ್ಯಾಪಾರಿ. ಅವನ ಕಣ್ಣು ಕಂಬ, ಬೋದಿಗೆ, ಬಾಗಿಲುಗಳ ಮೇಲಷ್ಟೇ ಓಡಾಡಿತು. ಉಗುರಿನಿಂದ ಗೀರಿ, ಮೂಸಿ, ಸಾಗವಾನಿ ಹೌದೆಂದು ತಲೆಯಾಡಿಸಿದ. ಉತ್ತರ ಕರ್ನಾಟಕದ ಎಷ್ಟೋ ಬಾಗಿಲುಗಳು ಹೀಗೆ ಲಾರಿ ಹತ್ತಿ ಕಾರೈಕುಡಿ, ಕೊಚ್ಚಿಯ ಹಳೇ ಸಾಮಾನಿನ ಅಂಗಡಿಗಳನ್ನು ಸೇರಿ, ಅಲ್ಲಿಂದ ಯಾವುದೋ ಹೋಟೆಲಿನ ಗೋಡೆಗೆ ಒರಗಿವೆ. ತೆರೆಯದ, ಮುಚ್ಚದ ಬಾಗಿಲುಗಳು. ಎರಡನೆಯವನು ಜೆಸಿಬಿ ಮಾಲೀಕ. ಅವನಿಗೆ ಮನೆ ಬೇಡ, ಜಾಗ ಬೇಕು. ‘ಹುಡೇವು ಕೆಡವಿದ್ರ ನಾಕ್ ಸೈಟ್ ಆಕ್ಕಾವ್ರಿ. ಕೆಡವೋ ಖರ್ಚು ನಿಮ್ದು’ ಎಂದ. ಮೂರನೆಯವರು ಬೆಂಗಳೂರಿನವರು, ಬಿಳಿ ಜುಬ್ಬಾ. ಹುಡೇವು ಕಂಡು ಹಿಗ್ಗಿದವರು ಅವರೊಬ್ಬರೇ. ತುದಿಯಲ್ಲಿ ನಾಲ್ಕು ಕುರ್ಚಿ ಹಾಕಿ ಕಾಫಿ ಕೊಡಬಹುದು ಎಂದರು. ಆಮೇಲೆ ಹಂಪಿ ಎಷ್ಟು ದೂರ ಎಂದು ಕೇಳಿ, ಉತ್ತರ ಕೇಳಿ, ಫೋನ್ ಮಾಡುತ್ತೇನೆಂದು ಹೋದರು. ಕಾಲಿದ್ದವರು ಹಂಪಿ, ಕಣ್ಣಿದ್ದವರು ಕನಕಗಿರಿ ನೋಡಬೇಕೆಂಬ ಗಾದೆ ನಮ್ಮಲ್ಲಿದೆ. ರೊಕ್ಕ ಇದ್ದವರು ಎರಡರಲ್ಲಿ ಹಂಪಿಯನ್ನೇ ಆರಿಸುತ್ತಾರೆ. ಗಂಗಾವತಿ ತಾಲೂಕಿನ ಆನೆಗುಂದಿಯಲ್ಲಿ 1997ರಿಂದ ಕಿಷ್ಕಿಂದಾ ಟ್ರಸ್ಟ್ ಕೆಲಸ ಮಾಡುತ್ತಿದೆ, ಹಳೇ ಮನೆಗಳು ದುರಸ್ತಿಯಾಗಿ ಬಂದವರ ವಸತಿಯಾಗಿವೆ. ಹೊಳೆಯಾಚೆಯೇ ಹಂಪಿ ಇದ್ದರೆ ಅದು ನಡೆಯುತ್ತದೆ. ಒಣ ಬೇಸಾಯದ ಎರೆಭೂಮಿಯಲ್ಲಿ ಕಾಫಿ ಕುಡಿಯಲು ಹುಡೇವು ಹತ್ತುವವರಾರು?

ಮನೆ ಉಳಿಸುವ ಇನ್ನೊಂದು ದಾರಿಯನ್ನು ತೋರಿದವರು ಮಣಿಪಾಲದ ವಿಜಯನಾಥ ಶೆಣೈ. ಬ್ಯಾಂಕಿನಲ್ಲಿ ಕೆಲಸ ಮಾಡಿದವರು, 2017ರಲ್ಲಿ ತೀರಿಕೊಂಡರು. ಕೆಡವಲು ಹೊರಟ ಮನೆಗಳ ಹಿಂದೆ ಅಲೆದು, ಬಿಚ್ಚಿಸಿ, ತುಂಡುತುಂಡಾಗಿ ತಂದು, ಮಣಿಪಾಲದ ಹಸ್ತಶಿಲ್ಪ ಪರಂಪರೆ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದರು. ಅಲ್ಲಿ ಕುಂಜೂರು ಚೌಕಿ ಮನೆಯಿದೆ, ನವಾಬರ ಮಹಲಿದೆ. ನಮ್ಮ ಯಲಬುರ್ಗಾ ಸೀಮೆಯ ಕುಕನೂರಿನ ಕಮಲ ಮಹಲ್ ಕೂಡ ಇದೆ. ಕುಕನೂರಿನ ಎರೆಯ ಬಿಸಿಲಲ್ಲಿ ಬಾಳಿದ ಮನೆ ಕರಾವಳಿಯ ಮಳೆಯಲ್ಲಿ ನಿಂತಿದೆ! ಚೆನ್ನೈ ಹತ್ತಿರದ ದಕ್ಷಿಣಚಿತ್ರದಲ್ಲಿ ಇಳಕಲ್ಲಿನ ನೇಕಾರರ ಮನೆಯಿದೆ. ಜನ ಮಂಗಳೂರಿಗೆ, ಗೋವಾಕ್ಕೆ ದುಡಿಯಲು ಗುಳೆ ಹೋಗುವ ನಾಡಿನಿಂದ ಮನೆಗಳೂ ಹೋದವು. ಕಟ್ಟಿಗೆಯ ಮನೆ ಬಿಚ್ಚಬಹುದು, ಕಂಬಕ್ಕೆ ಅಂಕೆ ಬರೆದು ಜೋಡಿಸಬಹುದು. ಹುಡೇವು ಬಿಚ್ಚಿದರೆ ಉಳಿಯುವುದು ಟ್ರಾಕ್ಟರುಗಟ್ಟಲೆ ಮಣ್ಣು. ಅದರ ಬೆಲೆ ಇರುವುದು ನಿಂತ ಜಾಗದಲ್ಲಿ, ಅಲ್ಲಿಂದ ಕಾಣುವ ದಾರಿಯಲ್ಲಿ.

ಹೊರದೇಶದಲ್ಲಿ ಕತೆ ತಿರುವುಮುರುವು. ಇಟಲಿ, ಫ್ರಾನ್ಸಿನ ಹಳ್ಳಿಮನೆ ಮಾರುವವರು ಮಧ್ಯಯುಗದ ಗೋಪುರವಿದ್ದರೆ ಅದನ್ನೇ ಮೊದಲ ಸಾಲಿಗೆ ಹಾಕುತ್ತಾರೆ. ಸಾನ್ ಜಿಮಿನ್ಯಾನೊ ಎಂಬ ಊರಲ್ಲಿ ಒಂದು ಕಾಲಕ್ಕೆ 72 ಗೋಪುರಮನೆಗಳಿದ್ದವಂತೆ. ಉಳಿದ 14ರ ಮೇಲೆಯೇ ಊರು ಉಣ್ಣುತ್ತಿದೆ. ಜಾರ್ಜಿಯಾದ ಸ್ವಾನೇತಿ ಬೆಟ್ಟಗಳಲ್ಲಿ ಮನೆಗೊಂದು ಬುರುಜು, 1996ರಲ್ಲಿ ಅಲ್ಲಿನ ಹಳ್ಳಿಯೊಂದು ವಿಶ್ವಪರಂಪರೆಯ ಪಟ್ಟಿ ಸೇರಿತು. ಅಲ್ಲೂ ಕಟ್ಟಿದ್ದು ಅಂಜಿಕೆಯೇ. ನಮ್ಮಲ್ಲಿ ರಾಜ್ಯದ ಸ್ಮಾರಕ ಸಂರಕ್ಷಣಾ ಕಾನೂನು 1961ರಿಂದ ಇದೆ, ಗುಡಿ ಕೋಟೆಗಳಿಗೆ ಫಲಕಗಳೂ ಬಂದಿವೆ. ಹಳ್ಳಿಯ ಹುಡೇವಿಗೆ ಫಲಕ ನೆಟ್ಟದ್ದನ್ನು ನಾನು ಕಂಡಿಲ್ಲ. ನಿಜ ಹೇಳಬೇಕೆಂದರೆ ಮನೆಯವರಿಗೂ ಅದು ಬೇಡ. ಕೇಂದ್ರದ ಸ್ಮಾರಕಗಳ ಸುತ್ತ 100 ಮೀಟರಿನೊಳಗೆ ಕಟ್ಟುವಂತಿಲ್ಲ ಎಂಬ ನಿಯಮವನ್ನು ಎಲ್ಲರೂ ಅರ್ಧಂಬರ್ಧ ಕೇಳಿದ್ದಾರೆ. ಫಲಕ ಬಂತೆಂದರೆ ಓಣಿಯವರೆಲ್ಲ ಕಕ್ಕಸು ಕಟ್ಟಲೂ ಅಪ್ಪಣೆ ಕೇಳಬೇಕಾದೀತೆಂಬ ದಿಗಿಲು. ಆ ದಿಗಿಲಿಗೆ ಕೆಡವಿದ ಗೋಡೆಗಳೂ ಇದ್ದಾವು.

ಕಡೆಗೆ ಕುದುರಿದ್ದು ಜೆಸಿಬಿಯವನ ಜೊತೆ. ಇಸಾರ ಕೊಡುವ ಮೊದಲೇ ಸುದ್ದಿ ಓಣಿಗೆ ಹೋಯಿತು. ಸಂಜೆಗೆ ಹತ್ತಾರು ಮಂದಿ ಕಟ್ಟೆಗೆ ಬಂದರು. ಜಗಳಕ್ಕಲ್ಲ. ಹುಡೇವಿನ ಬುಡದಲ್ಲಿ ಕುಂಕುಮ ಹಚ್ಚಿದ ಕಲ್ಲಿದೆ, ಅಲ್ಲಿ ಊರವರು ಕಾಯಿ ಒಡೆಯುತ್ತಾರೆ. ತೇರಿನ ದಿನ ಹುಡುಗರು ಮೇಲೆ ಹತ್ತುತ್ತಾರೆ. ಪಕ್ಕದ ಮೂರು ಮನೆಗಳ ಖರೀದಿ ಪತ್ರದ ಚಕ್ಕಬಂದಿಯಲ್ಲಿ ‘ಪಶ್ಚಿಮಕ್ಕೆ ಹುಡೇವು’ ಎಂದೇ ಇದೆ. ಅದು ಹೋದರೆ ತಮ್ಮ ಮನೆ ಎಲ್ಲಿಗೆ ಮುಗಿಯುತ್ತದೆಂದು ಆ ಮೂವರು ಕೇಳಿದರು. ನನಗೆ ತೋಚದ ಪ್ರಶ್ನೆ. ಒಬ್ಬ ಮುದುಕ, ವಾಡೆಯ ಹಳೇ ತಳವಾರರ ಮನೆತನದವನು, ಇಷ್ಟೇ ಹೇಳಿದ: ‘ಮನಿ ನಿಮ್ದು ಖರೆ ಗೌಡ್ರ. ಮ್ಯಾಲ ಕುಂತು ಕಾದಾಂವ ನಮ್ಮ ಮುತ್ತ್ಯಾ.’

ಹಿರಿಯರು ಒಪ್ಪಿದರು, ಮನೆ ಮಾರುವುದು, ಹುಡೇವು ಬಿಡುವುದು. ಜೆಸಿಬಿಯವನು ಸೈಟು ಕಡಿಮೆಯಾದವೆಂದು ರೊಕ್ಕ ಕಡಿಮೆ ಮಾಡಿದ. ಮರುವಾರ ಎಲ್ಲರೂ ಪತ್ರ ಬರೆಯುವವನ ಮುಂದೆ ಕೂತರು. ಅವನು ಚಕ್ಕಬಂದಿಗೆ ಬಂದು ಪೆನ್ನು ನಿಲ್ಲಿಸಿದ.

‘ಪಶ್ಚಿಮಕ್ಕ ಹುಡೇವು. ಯಾರ ಹುಡೇವು ಅಂತ ಬರೀಲ್ರಿ?’

‘ಸರಕಾರದ್ದು ಅಂತ ಬರಿ’ ಎಂದ ಹೊಸಪೇಟೆಯ ತಮ್ಮ.

‘ಸರಕಾರದ ಕಾಗದದಾಗ ಇಲ್ರಿ ಅದು.’

‘ಹಂಗಾರ ಊರಂದು ಅಂತ ಬರಿ’ ಎಂದರು ಹಿರಿಯರು.

‘ಊರು ಬಂದು ಹೆಬ್ಬಟ್ಟು ಒತ್ತತೈತೇನ್ರಿ ಗೌಡ್ರ?’

ಯಾರೂ ಮಾತಾಡಲಿಲ್ಲ. ಜೆಸಿಬಿಯವನು ಗಡಿಯಾರ ನೋಡಿದ. ಕನಕಾಚಲಪತಿಯ ಜಾತ್ರೆ ಮುಗಿಯಲಿ, ಆಮೇಲೆ ಕೂತರಾಯಿತು ಎಂದು ಎದ್ದುಬಂದಿದ್ದಾರೆ. ಅಳಿಯ ಮಾತ್ರ ಒಕ್ಕಣೆಯನ್ನು ತಿದ್ದಿ, ಈ ಸಲ ಹುಡೇವಿನ ಫೋಟೋ ಸಮೇತ, ಇನ್ನೊಂದು ಗುಂಪಿಗೆ ಹಾಕಿದ್ದಾನೆ.