ಹಳೆಯ ಗಾಡಿಯ ಬೆಲೆ

ಹೊಸ ವಸ್ತುವಿನ ಬೆಲೆಯನ್ನು ಅಂಗಡಿಯವನು ಹೇಳುತ್ತಾನೆ; ಹಳೆಯ ವಸ್ತುವಿನ ಬೆಲೆಯನ್ನು ಕಾಲವು ಹೇಳುತ್ತದೆ. ಬೇರೊಬ್ಬರ ಕೈಯಲ್ಲಿ ನಡೆದ ಮೋಟಾರು ಕಾರನ್ನು ಕೊಂಡವರು ಈ ಮಾತಿನ ನಿಜವನ್ನು ಒಂದಲ್ಲ ಒಂದು ದಿನ ಕಂಡೇ ಇರುತ್ತಾರೆ. ಕೊಳ್ಳುವ ದಿನ ಎಣಿಸಿ ಕೊಟ್ಟ ಹಣವು ಮೊದಲನೆಯ ಕಂತು ಮಾತ್ರ. ಮಿಕ್ಕ ಕಂತುಗಳನ್ನು ಗ್ಯಾರೇಜಿನಲ್ಲಿ ಸಲ್ಲಿಸಬೇಕು. ಅವು ಯಾತಕ್ಕೆ ಬರುವುವೆಂಬುದನ್ನು ಮುಂದಾಗಿ ತಿಳಿದವನಿಗೆ ಹಳೆಯ ಕಾರು ನಂಬಿಕೆಯ ಆಳಿನಂತೆ. ತಿಳಿಯದವನಿಗೆ ಅದು ಮನೆಬಾಗಿಲಲ್ಲಿ ಬಂದು ನಿಂತ ಸಾಹುಕಾರನಂತೆ.

ಕನ್ನಡ ನಾಡಿನ ಊರುಗಳಲ್ಲಿ ಚಿಕ್ಕ ಕಾರು ಎಂದೊಡನೆ ಬಹುಕಾಲ ಜನರ ಕಣ್ಣಿಗೆ ಕಟ್ಟುತ್ತಿದ್ದುದು ಮಾರುತಿ 800. ಮೂರು ಸಿಲಿಂಡರಿನ, 796 ಸಿ.ಸಿ. ಇಂಜಿನಿನ ಈ ಗಾಡಿಯು 1983ನೆಯ ಇಸವಿಯ ಡಿಸೆಂಬರಿನಲ್ಲಿ ಗ್ರಾಹಕರ ಕೈ ಸೇರತೊಡಗಿತು. 2014ರ ಜನವರಿಯಲ್ಲಿ ಇದರ ತಯಾರಿಕೆಯು ನಿಂತಿತು. ಹೊಗೆಯ ಹೊಸ ಕಟ್ಟಳೆಯ ದೆಸೆಯಿಂದ ಬೆಂಗಳೂರೂ ಸೇರಿದಂತೆ 13 ನಗರಗಳಲ್ಲಿ ಇದರ ಮಾರಾಟವು 2010ರಲ್ಲಿಯೇ ಮುಗಿದಿತ್ತು. ಆದುದರಿಂದ ಈ ಜಾತಿಯ ಯಾವ ಗಾಡಿಯೂ ಇಂದು ಪ್ರಾಯದ್ದಲ್ಲ. ಆದರೂ ಮಳೆಯಲ್ಲಿ ಮಕ್ಕಳನ್ನು ಶಾಲೆಗೂ ಮುದುಕರನ್ನು ಆಸ್ಪತ್ರೆಗೂ ಮುಟ್ಟಿಸಬೇಕಾದ ಬಡ ಗೃಹಸ್ಥನು ಇದನ್ನು ಇನ್ನೂ ಅರಸಿ ಬರುವುದುಂಟು.

ಬಂದವನು ಮೊದಲು ಬಣ್ಣವನ್ನು ನೋಡುತ್ತಾನೆ. ನೋಡಬೇಕಾದುದು ಬಣ್ಣದ ಕೆಳಗೆ ಇರುತ್ತದೆ. ಮಲೆನಾಡಿನ ಮಳೆ, ಕರಾವಳಿಯ ಉಪ್ಪುಗಾಳಿ ಇವೆರಡೂ ತಗಡಿನ ವೈರಿಗಳು. ಕಾಲಡಿಯ ಹಾಸನ್ನು ಎತ್ತಿ ನೋಡಿದರೆ, ಚಕ್ರದ ಕಮಾನನ್ನೂ ಬ್ಯಾಟರಿಯಿಡುವ ತಟ್ಟೆಯನ್ನೂ ತಡವಿದರೆ ತುಕ್ಕಿನ ಸುಳಿವು ಸಿಕ್ಕುತ್ತದೆ. ತೂತಿಗೆ ಪಟ್ಟಿ ಮೆತ್ತಿ ಬಣ್ಣ ಬಳಿದಿದ್ದರೆ ಸಣ್ಣದೊಂದು ಅಯಸ್ಕಾಂತವು ಆ ಗುಟ್ಟನ್ನು ಬಯಲಿಗೆಳೆಯುತ್ತದೆ. ತಗಡಿಗೆ ಅಂಟುವ ಅದು ಪಟ್ಟಿಗೆ ಅಂಟದು. ಯಂತ್ರದ ಭಾಗಗಳನ್ನು ಬದಲಿಸಬಹುದು. ಒಡಲೇ ಕೊಳೆತರೆ ಟಿಂಕರಿಂಗ್ ಕೆಲಸಕ್ಕೆ ಕೊನೆಯೆಂಬುದಿಲ್ಲ, ವೆಚ್ಚಕ್ಕೂ ಇಲ್ಲ.

ಎರಡನೆಯ ವೈರಿ ಕಾವು. ತೀರ್ಥಹಳ್ಳಿಯ ಕಡೆಯ ನಿವೃತ್ತ ಉಪಾಧ್ಯಾಯರೊಬ್ಬರು ವೃದ್ಧ ತಾಯಿಯನ್ನು ಮಣಿಪಾಲದ ಆಸ್ಪತ್ರೆಗೆ ಕರೆದೊಯ್ಯುವ ಸಲುವಾಗಿ ಇಂಥ ಕಾರನ್ನು ಕೊಂಡರೆಂದು ಭಾವಿಸೋಣ. ಇಳಿಯುವಾಗ ಆಗುಂಬೆಯ ಘಾಟಿಯು ಏನನ್ನೂ ಕೇಳುವುದಿಲ್ಲ. ಹಿಂದಿರುಗಿ ಏರುವಾಗ ಅದು ಲೆಕ್ಕ ಕೇಳುತ್ತದೆ. ಒಂದು ರಬ್ಬರು ಕೊಳವೆಯು ಬಿರಿದು ದಿನಕ್ಕಿಷ್ಟು ನೀರು ಜಿನುಗುತ್ತಿತ್ತು. ಮನೆಯವರು ಬೆಳಗಾದೊಡನೆ ನೀರು ಹೊಯ್ದು ಸುಮ್ಮನಾಗಿದ್ದರು. ತಿರುವಿನಲ್ಲಿ ಕಾವಿನ ಮುಳ್ಳು ಕೆಂಪು ಗೆರೆಯನ್ನು ಮುಟ್ಟುತ್ತದೆ. ಕತ್ತಲಾಗುತ್ತ ಬಂದಿದೆ, ಹಿಂದಿನ ಸೀಟಿನಲ್ಲಿ ತಾಯಿ ನರಳುತ್ತಿದ್ದಾರೆ. ಮನೆ ಹತ್ತಿರವಾಯಿತೆಂದು ಅವರು ಗಾಡಿಯನ್ನು ನಿಲ್ಲಿಸದೆ ಏರಿಸಿಬಿಟ್ಟರೆ, ಇಂಜಿನಿನ ಅಲ್ಯೂಮಿನಿಯಮ್ ತಲೆಭಾಗವು ಕಾವಿಗೆ ಬಾಗುತ್ತದೆ, ಹೆಡ್ ಗ್ಯಾಸ್ಕೆಟ್ಟು ಹೋಗುತ್ತದೆ, ನೀರು ಎಣ್ಣೆಯೊಡನೆ ಬೆರೆತು ಎಣ್ಣೆಯ ಮುಚ್ಚಳದೊಳಗೆ ಹಾಲಿನ ಕೆನೆಯಂತೆ ಕಾಣುತ್ತದೆ.

ಮರುದಿನ ಮೇಸ್ತ್ರಿಯು, “ಮೇಷ್ಟ್ರೇ, ಪೈಪು ತೊಟ್ಟಿಕ್ಕುತ್ತಿದ್ದಾಗಲೇ ತಂದಿದ್ದರೆ ಅರ್ಧ ಗಂಟೆಯ ಕೆಲಸವಾಗಿತ್ತು” ಎಂದರೆ ಅದು ನಿಂದೆಯಲ್ಲ, ಲೆಕ್ಕ. ಗ್ಯಾಸ್ಕೆಟ್ಟು ಎಂಬುದು ತೆಳ್ಳನೆಯ ಹಾಳೆ. ಅದರ ಬೆಲೆ ಹೆಚ್ಚಿಲ್ಲ. ಆದರೆ ತಲೆಭಾಗವನ್ನು ಬಿಚ್ಚಬೇಕು, ಲೇತಿಗೆ ಒಯ್ದು ಸಮತಟ್ಟು ಮಾಡಿಸಬೇಕು, ಎಣ್ಣೆಯನ್ನೆಲ್ಲ ಚೆಲ್ಲಿ ಹೊಸದು ತುಂಬಬೇಕು. ಕೊಳವೆಯ ಬೆಲೆಯಲ್ಲಿ ಮುಗಿಯಬೇಕಾಗಿದ್ದುದು ಪಿಂಚಣಿಯ ಹಣವನ್ನೇ ನುಂಗುತ್ತದೆ.

ಚಕ್ರಗಳ ಕಡೆಯ ಕಥೆಯೂ ಇಂಥದೇ. ಮುಂದಿನ ಚಕ್ರಗಳನ್ನು ತಿರುಗಿಸುವ ದಂಡದ ಸಂದಿಗೆ ರಬ್ಬರಿನ ಬೂಟು ತೊಡಿಸಿರುತ್ತಾರೆ. ಅದು ಹರಿದರೆ ಗ್ರೀಸು ಸಿಡಿದುಹೋಗಿ ಮಣ್ಣು ಒಳಸೇರುತ್ತದೆ. ಪೂರ್ತಿ ಹೊರಳಿಸಿದಾಗ ಟಕಟಕ ಸದ್ದು ಕೇಳಿಸುತ್ತದೆ. ಸದ್ದು ಹುಟ್ಟುವ ಮೊದಲು ಬೂಟನ್ನು ಬದಲಿಸಿದರೆ ವೆಚ್ಚ ಅಲ್ಪ. ಹುಟ್ಟಿದ ತರುವಾಯ ಸಂದನ್ನೇ ಬದಲಿಸಬೇಕಾದೀತು. ಕ್ಲಚ್ಚಿನ ವಿಷಯದಲ್ಲಿ ಬೇರೊಂದು ವಿವೇಕ ಬೇಕು. ಏರಿನಲ್ಲಿ ಇಂಜಿನು ಅರಚಿದರೂ ವೇಗವು ಹೆಚ್ಚದಿದ್ದರೆ ಪ್ಲೇಟು ಸವೆದಿದೆ. ಪ್ಲೇಟೊಂದನ್ನೇ ಹಾಕಿಸಿ ಬೇರಿಂಗನ್ನು ಉಳಿಸುವ ಜಿಪುಣನು ಗೇರುಪೆಟ್ಟಿಗೆ ಇಳಿಸುವ ಕೂಲಿಯನ್ನು ಎರಡು ಸಲ ಕೊಡುತ್ತಾನೆ.

ಇವೆಲ್ಲವೂ ಮುಂದಾಗಿ ಸೂಚನೆ ಕೊಡುವ ದೋಷಗಳು. ಸೂಚನೆಯಿಲ್ಲದ್ದು ಟೈಮಿಂಗ್ ಬೆಲ್ಟು: ನಿನ್ನೆಯವರೆಗೆ ಓಡಿದ ಗಾಡಿಯು ಅದು ಹರಿದೊಡನೆ ನಡುರಸ್ತೆಯಲ್ಲಿ ನಿಲ್ಲುತ್ತದೆ. ಅದನ್ನು ಎಂದು ಹಾಕಿಸಿತ್ತೆಂಬುದಕ್ಕೆ ಹಿಂದಿನ ಒಡೆಯನಲ್ಲಿ ರಸೀತಿ ಇಲ್ಲವಾದರೆ, ಹಾಕಿಸಿಲ್ಲವೆಂದೇ ತಿಳಿದು ಮೊದಲ ವಾರದಲ್ಲಿಯೇ ಬದಲಿಸುವುದು ಲೇಸು. ಹಳೆಯ ಮಾದರಿಗಳ ಕಾರ್ಬ್ಯುರೇಟರಿನದು ಮತ್ತೊಂದು ಚಿಂತೆ. ಅದರ ಸಣ್ಣ ರಂಧ್ರದಲ್ಲಿ ಕಸ ಕುಳಿತರೆ ಚಳಿಯ ಮುಂಜಾನೆ ಚೋಕು ಎಷ್ಟೆಳೆದರೂ ಇಂಜಿನು ಮುನಿದಿರುತ್ತದೆ. ಬಿಡಿಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಗುಜರಿಯಲ್ಲೋ ದೊರೆತಾವು. ಸದ್ದು ಕೇಳಿಯೇ ತಿರುಪನ್ನು ಹದಮಾಡಬಲ್ಲ ಮೇಸ್ತ್ರಿಗಳು ವರ್ಷವರ್ಷಕ್ಕೆ ವಿರಳರಾಗುತ್ತಿದ್ದಾರೆ.

ಸರಕಾರದ ಕಂತೂ ಒಂದುಂಟು. ಖಾಸಗಿ ಕಾರಿನ ನೋಂದಣಿಯು 15 ವರ್ಷಕ್ಕೆ ಮುಗಿಯುತ್ತದೆ. ತರುವಾಯ ಐದೈದು ವರ್ಷಕ್ಕೆ ನವೀಕರಿಸಬೇಕು. 600 ರೂಪಾಯಿಯಿದ್ದ ಈ ಶುಲ್ಕವು 2022ರ ಏಪ್ರಿಲಿನಿಂದ 5,000 ಆಯಿತು. 20 ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟಿನಲ್ಲಿ 10,000 ಎಂದು ಗೊತ್ತುಮಾಡಿದರು. ಇದನ್ನರಿಯದೆ ಕೊಂಡವನು ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವುದು ಹೆಚ್ಚು ದಿನ ಬಾಳುವುದಿಲ್ಲ.

ಹಾಗಾದರೆ ಕೊಳ್ಳಲೇಬಾರದೆ? ಹಾಗೆಂದಲ್ಲ. ಕೈಯಲ್ಲಿರುವ ಹಣವನ್ನೆಲ್ಲ ಮಾರುವವನಿಗೆ ಸುರಿಯದೆ ಮೂರರಲ್ಲೊಂದು ಪಾಲನ್ನು ಮೊದಲ ವರ್ಷದ ರಿಪೇರಿಗಾಗಿ ಕಟ್ಟಿಡಬೇಕು. ಅಷ್ಟು ಉಳಿಯದಿದ್ದರೆ ಆ ಗಾಡಿಯು ತನಗೆ ದುಬಾರಿಯೆಂದು ತಿಳಿಯಬೇಕು. ರಿಪೇರಿಯ ವೆಚ್ಚವು ಗಾಡಿಯ ಮಾರಾಟದ ಬೆಲೆಯನ್ನು ಮೀರಿತೆಂದು ಗಾಬರಿಗೊಳ್ಳುವವರುಂಟು. ಹೋಲಿಸಬೇಕಾದುದು ಆ ಬೆಲೆಯೊಡನೆಯಲ್ಲ. ಅಷ್ಟೇ ಸೇವೆ ಮಾಡುವ ಇನ್ನೊಂದು ಗಾಡಿಯ ಬೆಲೆಯೊಡನೆ. ಇಂಜಿನು ಸವೆದರೆ ಕಟ್ಟಿಸಬಹುದು, ಕ್ಲಚ್ಚು ಹೋದರೆ ಹಾಕಿಸಬಹುದು. ಒಡಲಿಗೆ ತುಕ್ಕು ಹಿಡಿದು ಆಸರೆಯೇ ಕುಸಿದ ಮೇಲೆ ಮಾತ್ರ ಮಮತೆಗೆ ಎಡೆಯಿಲ್ಲ. ಒಳಗೆ ಕುಳಿತವರ ಪ್ರಾಣವು ಲೆಕ್ಕಕ್ಕೆ ಬರುತ್ತದೆ. ಅಂದು ಅದನ್ನು ಇನ್ನೊಬ್ಬ ಬಡವನ ತಲೆಗೆ ಕಟ್ಟದೆ ಗುಜರಿಗೆ ಕಳಿಸಿ ಕಾಗದಪತ್ರಗಳನ್ನು ರದ್ದುಪಡಿಸುವವನೇ ಒಳ್ಳೆಯ ಒಡೆಯನು.