ಕಡಮತ್ತಿನ ಕಡಲಡಿಯ ತೋಟ

ಮಂಗಳೂರಿನ ಹಳೆ ಬಂದರಿನಲ್ಲಿ ತರಕಾರಿ, ಜಲ್ಲಿ, ಸಿಮೆಂಟು ಹೇರಿಕೊಂಡು ನಿಂತ ಮಂಜಿಗಳನ್ನು ನೀವು ನೋಡಿರಬಹುದು. ಅವು ಎಲ್ಲಿಗೆ ಹೋಗುತ್ತವೆಂದು ಎಂದಾದರೂ ಯೋಚಿಸಿದ್ದೀರಾ? ಅರಬಿ ಸಮುದ್ರದ ನಡುವಿನ ಲಕ್ಷದ್ವೀಪಕ್ಕೆ. ಅಲ್ಲಿನ ಅಮಿನಿ, ಕಡಮತ್ತ್, ಕಿಲ್ತಾನ್ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ದ್ವೀಪದ ಹೆಂಗಸರು ಹೊಸೆದ ತೆಂಗಿನ ಹುರಿ ಮಂಗಳೂರಿಗೆ ಬರುತ್ತಿತ್ತು. ಬದಲಿಗೆ ಅಕ್ಕಿ ಹೋಗುತ್ತಿತ್ತು.

ಇಂದು ಕಡಮತ್ತಿಗೆ ಹೋಗಬೇಕಾದರೆ ಮೊದಲು ಪರವಾನಗಿ ಪಡೆಯಬೇಕು. ಕೊಚ್ಚಿಯಿಂದ ಹಡಗು ಹತ್ತಿದರೆ ಒಂದು ರಾತ್ರಿಯ ಪ್ರಯಾಣ. ದ್ವೀಪ ಎಷ್ಟು ಕಿರಿದೆಂದರೆ ಒಂದು ದಡದಿಂದ ಇನ್ನೊಂದು ದಡಕ್ಕೆ ಹತ್ತು ನಿಮಿಷದಲ್ಲಿ ನಡೆದುಬಿಡಬಹುದು. ಜನರೆಲ್ಲ ಹೆಚ್ಚುಕಡಿಮೆ ಮುಸ್ಲಿಮರೇ. ತರವಾಡಿನ ಆಸ್ತಿ ತಾಯಿಯ ಕಡೆಯಿಂದ ಬರುವುದು ಅಲ್ಲಿನ ಹಳೆಯ ಪದ್ಧತಿ.

ಆದರೆ ದ್ವೀಪದ ನಿಜವಾದ ಸಂಪತ್ತು ಇರುವುದು ನೀರಿನಡಿಯಲ್ಲಿ. ಅದನ್ನು ನೋಡಲು ಸ್ಕೂಬಾ ಉಡುಪು ತೊಡಬೇಕು. ಮೈಗೆ ರಬ್ಬರಿನ ಉಡುಪು, ಕಣ್ಣಿಗೆ ಕನ್ನಡಕ, ಬೆನ್ನಿಗೆ ಸಿಲಿಂಡರ್. ಅದರಲ್ಲಿರುವುದು ಬರಿಯ ಆಮ್ಲಜನಕವಲ್ಲ, ಒತ್ತಿ ತುಂಬಿದ ನಮ್ಮ ಸಾಮಾನ್ಯ ಗಾಳಿ. ಹೆದರಿಕೆಯೇ? ಮೊದಲ ಸಲ ಇಳಿಯುವವರ ಜೊತೆಯಲ್ಲೇ ತರಬೇತುದಾರರು ಇರುತ್ತಾರೆ. ನೀವು ನೆನಪಿಡಬೇಕಾದ್ದು ಇಷ್ಟೇ: ಉಸಿರು ಹಿಡಿದಿಡಬೇಡಿ. ಕಿವಿ ಒತ್ತಿದಂತಾಗುವ ಮೊದಲೇ ಮೂಗು ಹಿಡಿದು ಮೆಲ್ಲನೆ ಊದಿ. ಮೇಲೆ ಬರುವಾಗ ಅವಸರ ಬೇಡ. ಗರ್ಭಿಣಿಯರು ಇಳಿಯಲೇಬಾರದು. ಉಬ್ಬಸ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹೋಗಬಾರದು.

ತಲೆ ನೀರಿನೊಳಗಾದೊಡನೆ ಗದ್ದಲವೆಲ್ಲ ನಿಂತುಹೋಗುತ್ತದೆ. ನಿಮ್ಮ ಉಸಿರಿನ ಸದ್ದೊಂದೇ. ಕೆಳಗೆ ಹವಳದ ತೋಟ. ಒಂದು ಎಲೆಕೋಸಿನಂತೆ, ಇನ್ನೊಂದು ಜಿಂಕೆಯ ಕೊಂಬಿನಂತೆ. ಹಸಿರು ಕಡಲಾಮೆಯೊಂದು ನಿಮ್ಮನ್ನು ಲೆಕ್ಕಿಸದೆ ಕೈಬೀಸಿ ಸಾಗುತ್ತದೆ. ಗಿಣಿಮೀನು ಹವಳದ ಬಂಡೆಯನ್ನು ಕಟಕಟ ಕಡಿಯುತ್ತದೆ. ಅದು ಅರೆದು ಹೊರಹಾಕಿದ ಪುಡಿಯೇ ದಡಕ್ಕೆ ಬಂದು ಬೆಳ್ಳನೆಯ ಮರಳಾಗುತ್ತದೆ. ನೀವು ಬೆಳಿಗ್ಗೆ ನಡೆದಾಡಿದ ಮರಳಿನಲ್ಲಿ ಅದರ ಪಾಲೂ ಇದೆ!

ಹವಳ ಕಲ್ಲಲ್ಲ, ಸಣ್ಣ ಸಣ್ಣ ಜೀವಿಗಳ ಮನೆ. ಅವುಗಳ ಮೈಯೊಳಗೆ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಬಿಸಿಲಿನಿಂದ ಆಹಾರ ತಯಾರಿಸಿ ಕೊಡುವುದೂ, ಬಣ್ಣ ಕೊಡುವುದೂ ಅದೇ. ನೀರು ಅತಿಯಾಗಿ ಬಿಸಿಯಾದರೆ ಹವಳ ಆ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ಬಿಸಿ ಬೇಗ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016, ಮತ್ತೆ 2024ರಲ್ಲಿ ಹೀಗಾಯಿತು. ಆದ್ದರಿಂದ ನೀವು ಇಳಿದಾಗ ಬಣ್ಣದ ತೋಟದ ಪಕ್ಕದಲ್ಲೇ ಬೂದು ಬಣ್ಣದ ಮುರುಕಲು ರಾಶಿಯೂ ಕಂಡೀತು.

ದೂರದ ಕಡಲಿನ ಮಾತು ನಮಗೇಕೆ ಎನ್ನಬೇಡಿ. ಈ ದ್ವೀಪಗಳು ಹುಟ್ಟಿದ್ದೇ ಹವಳದಿಂದ. ಮಳೆಗಾಲದ ದೊಡ್ಡ ಅಲೆಗಳು ಹವಳದ ದಿಬ್ಬಕ್ಕೆ ಬಡಿದು ಅಲ್ಲೇ ಒಡೆಯುತ್ತವೆ. ಆ ಗೋಡೆ ಸವೆದರೆ ಅಲೆ ನೇರ ಬರುವುದು ಹುರಿ ಹೊಸೆದ ಆ ಅಜ್ಜಿಯಂದಿರ ಅಂಗಳಕ್ಕೆ.

ಹೋದರೆ ಹವಳವನ್ನು ಮುಟ್ಟಬೇಡಿ, ಮೆಟ್ಟಬೇಡಿ. ಮಕ್ಕಳು ಆಸೆಪಟ್ಟರೆಂದು ಒಂದು ಚೂರನ್ನೂ ಚೀಲಕ್ಕೆ ಹಾಕಬೇಡಿ. ಅದು ಕಾನೂನಿಗೂ ವಿರುದ್ಧ. ಅವರಿಗೆ ಗಿಣಿಮೀನಿನ ಕಥೆ ಹೇಳಿ. ಅದನ್ನು ಎಷ್ಟು ಬೇಕಾದರೂ ಹೊತ್ತು ತರಬಹುದು.