ಕೆಂಗೇರಿಯ ಕುರಿ ರೊಪ್ಪದಲ್ಲಿ ಒಂದು ಮುಂಜಾನೆ

ಪಶ್ಚಿಮ ಬೆಂಗಳೂರು ಎಂದೊಡನೆ ನಿಮಗೆ ಏನು ನೆನಪಾಗುತ್ತದೆ? ರಾಜಾಜಿನಗರದ ಕೈಗಾರಿಕಾ ಪ್ರದೇಶ, ಬಸವೇಶ್ವರನಗರದ ಸಾಲು ಮನೆಗಳು, ವಿಜಯನಗರದ ಜನಜಂಗುಳಿ, ಮೈಸೂರು ರಸ್ತೆಯ ವಾಹನಗಳ ಸದ್ದು. ಕುರಿಗಳು ಮಾತ್ರ ನೆನಪಾಗಲಾರವು. ಬಕ್ರೀದ್ ಹತ್ತಿರವಾದಾಗ ರಸ್ತೆಬದಿಯಲ್ಲಿ ಟಗರುಗಳು ಸಾಲಾಗಿ ನಿಲ್ಲುತ್ತವೆ, ನಾವು ಹಲ್ಲು ನೋಡಿ, ಬೆನ್ನು ಮುಟ್ಟಿ, ಚೌಕಾಸಿ ಮಾಡಿ ಮನೆಗೆ ತರುತ್ತೇವೆ. ಆದರೆ ಆ ಟಗರು ಹುಟ್ಟಿದ್ದು ಎಲ್ಲಿ, ಅದನ್ನು ಹೆತ್ತ ಕುರಿಯ ಪಾಡೇನು, ಅದರ ಬಾಣಂತನ ಮಾಡಿದ ಕೈ ಯಾರದು ಎಂದು ಕೇಳಿಕೊಳ್ಳುವವರು ಕಡಿಮೆ.

ಒಮ್ಮೆ ಬಿಡುವು ಮಾಡಿಕೊಂಡು ಕೆಂಗೇರಿಯ ಆಚೆಗೆ ಹೋಗಿ ಬನ್ನಿ. ದಾರಿ ಈಗ ಸುಲಭ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿದರೆ ಮಾಗಡಿ ರಸ್ತೆ, ಹೊಸಹಳ್ಳಿ, ವಿಜಯನಗರ, ಅತ್ತಿಗುಪ್ಪೆ, ದೀಪಾಂಜಲಿ ನಗರ ದಾಟಿ ರೈಲು ಮೈಸೂರು ರಸ್ತೆಗೆ ಬರುತ್ತದೆ. 2015ರಲ್ಲಿ ಈ ಮಾರ್ಗ ಇಲ್ಲಿಗೇ ಮುಗಿಯುತ್ತಿತ್ತು. 2021ರಲ್ಲಿ ಕೆಂಗೇರಿಗೂ 2023ರಲ್ಲಿ ಚಲ್ಲಘಟ್ಟಕ್ಕೂ ವಿಸ್ತರಿಸಿತು. ದಾರಿಯಲ್ಲಿ ವೃಷಭಾವತಿಯ ಕಪ್ಪು ನೀರು ಕಾಣಿಸಿದರೆ ಮೂಗು ಮುಚ್ಚಿಕೊಳ್ಳಬೇಡಿ. ಅದು ನಮ್ಮೆಲ್ಲರ ಮನೆಗಳಿಂದಲೇ ಹರಿದು ಬಂದ ನೀರು.

ಕೆಂಗೇರಿಯಲ್ಲಿ ಇಳಿದು ಕೊಮ್ಮಘಟ್ಟ, ಸೂಲಿಕೆರೆ, ರಾಮೋಹಳ್ಳಿಯ ಕಡೆಗೆ ಸಾಗಿದರೆ ನೋಟವೇ ಬದಲಾಗುತ್ತದೆ. ರಾಮೋಹಳ್ಳಿಯ ಬಳಿಯ ದೊಡ್ಡ ಆಲದ ಮರ ನೋಡಲು ಶಾಲಾ ಮಕ್ಕಳು ಬಸ್ಸುಗಳಲ್ಲಿ ಬರುತ್ತಾರೆ. ಅದಕ್ಕೂ ಮೊದಲೇ, ನಾಡಪ್ರಭು ಕೆಂಪೇಗೌಡ ಬಡಾವಣೆಗಾಗಿ ಅಳೆದು ಕಲ್ಲು ನೆಟ್ಟ ನಿವೇಶನಗಳ ನಡುವೆ ಹುಲ್ಲು ಬೆಳೆದಿರುತ್ತದೆ. ಮನೆ ಏಳುವವರೆಗೆ ಆ ಹುಲ್ಲು ಕುರಿಗಳ ಪಾಲು. ಕಂಬಳಿ ಹೊದ್ದ ಮುದುಕರು, ಸೊಂಟಕ್ಕೆ ಸೆರಗು ಸಿಕ್ಕಿಸಿದ ಹೆಂಗಸರು ಇಪ್ಪತ್ತು, ಮೂವತ್ತು ಕುರಿಗಳನ್ನು ಮೇಯಿಸುತ್ತಿರುತ್ತಾರೆ. ಎದುರಿಗೆ ಮೆಟ್ರೋ ಸೇತುವೆ, ಹಿಂದೆ ಕುರಿ ರೊಪ್ಪ.

ಬೆಳೆಯುವ ಮೊದಲೇ ಬಿದ್ದ ಮರಿ

ನಾನು ಹೋದದ್ದು ಮಳೆಗಾಲ ಮುಗಿದು ಚಳಿ ಕಾಲಿಡುತ್ತಿದ್ದ ದಿನಗಳಲ್ಲಿ. ಕುರಿಗಳು ಮರಿ ಹಾಕುವ ಕಾಲ. ರೊಪ್ಪದ ತುಂಬ ಮರಿಗಳ ಅರಚಾಟವಿರಬೇಕಿತ್ತು. ಆದರೆ ನಾನು ಹೊಕ್ಕ ರೊಪ್ಪ ಮೌನವಾಗಿತ್ತು. ಮನೆಯ ಅಜ್ಜಿ ಬೇಲಿಗೊರಗಿ ಕುಳಿತಿದ್ದರು.

"ಐದು ತಿಂಗ್ಳು ಕಾದಿದ್ದು ಕಣಮ್ಮ. ಇನ್ನೇನು ಮರಿ ಕೈಗೆ ಬರುತ್ತೆ ಅನ್ನೋ ಹೊತ್ಗೆ ಕಂದು ಹಾಕ್‌ಬಿಟ್ವು. ಒಂದಾದ್ಮೇಲೆ ಒಂದು, ಮೂರು ಕುರಿ" ಎಂದರು.

"ಬಿದ್ದಿದ್ದನ್ನ ಯಾರು ತೆಗೆದ್ರಜ್ಜಿ?" ಎಂದು ಕೇಳಿದೆ.

"ನಮ್ ಸೊಸೇನೇ ಬಾಚಿ ತಿಪ್ಪೆಗೆ ಹಾಕಿದ್ಲು. ಪಾಪ, ಅವಳೂ ಬಸ್ರಿ. ಆರು ತಿಂಗ್ಳು" ಎಂದರು ಅಜ್ಜಿ.

ಸಹೋದರಿಯರೇ, ಈ ಎರಡು ಮಾತುಗಳಲ್ಲಿ ಎರಡು ಆಪತ್ತುಗಳಿವೆ. ಒಂದು ಅಜ್ಜಿಗೆ ಗೊತ್ತಿತ್ತು. ಇನ್ನೊಂದು ಗೊತ್ತಿರಲಿಲ್ಲ.

ಗೊತ್ತಿದ್ದದ್ದು ನಷ್ಟ. ಕುರಿಯ ಗಬ್ಬದ ಅವಧಿ ಸುಮಾರು 150 ದಿನ. ಮರಿ ಮಾರಿದ ಹಣದಲ್ಲೇ ಮಕ್ಕಳ ಶಾಲೆಯ ಶುಲ್ಕ, ಮನೆಯ ಸಾಲ ಎಲ್ಲವೂ ನಡೆಯಬೇಕು. ನೂರರಲ್ಲಿ ಒಂದೆರಡು ಕುರಿ ಕಂದು ಹಾಕುವುದು ಎಲ್ಲ ಹಿಂಡಿನಲ್ಲೂ ಇದ್ದದ್ದೇ. ಹಾಯ್ದಾಟ, ಪೆಟ್ಟು, ಮೇವಿನ ಕೊರತೆ ಕಾರಣವಾಗಿರಬಹುದು. ಆದರೆ ಗಬ್ಬದ ಕೊನೆಯ ತಿಂಗಳುಗಳಲ್ಲಿ ಒಂದರ ಹಿಂದೆ ಒಂದು ಕುರಿ ಮರಿ ಚೆಲ್ಲಿದರೆ ಅದು ಪೆಟ್ಟಲ್ಲ, ದೃಷ್ಟಿಯೂ ಅಲ್ಲ. ಅದು ಸೋಂಕು.

ಸೋಂಕುಗಳಲ್ಲಿ ಹಲವು ಬಗೆ. ಎಲ್ಲಕ್ಕಿಂತ ಹೆಸರಾದದ್ದು ಬ್ರುಸೆಲ್ಲಾ. ನಮ್ಮ ರೈತರು ಕಂದು ರೋಗ ಎನ್ನುವುದು ಇದನ್ನೇ. ಹಸುಗಳಲ್ಲಿ ಒಂದು ಜಾತಿಯ ಬ್ರುಸೆಲ್ಲಾ, ಕುರಿ ಮೇಕೆಗಳಲ್ಲಿ ಇನ್ನೊಂದು ಜಾತಿ. ಮನುಷ್ಯರಿಗೆ ಹೆಚ್ಚು ಅಪಾಯಕಾರಿ ಕುರಿ ಮೇಕೆಯದ್ದೇ. ಕ್ಲಮೈಡಿಯಾ, ಕ್ಯೂ ಜ್ವರದ ರೋಗಾಣು, ಬೆಕ್ಕಿನ ಮಲದಿಂದ ಮೇವಿಗೆ ಸೇರುವ ಟಾಕ್ಸೋಪ್ಲಾಸ್ಮಾ ಕೂಡ ಮರಿ ಬೀಳಿಸುತ್ತವೆ. ಪಿಪಿಆರ್ ಎಂಬ ಕುರಿ ಮೇಕೆಗಳ ಪಿಡುಗು ಬಂದಾಗಲೂ ಗಬ್ಬದ ಕುರಿಗಳು ಕಂದು ಹಾಕುತ್ತವೆ. ಬಿದ್ದ ಮರಿಯನ್ನು ಕಣ್ಣಿನಿಂದ ನೋಡಿ ಇದು ಇಂಥದ್ದೇ ಎಂದು ಹೇಳಲು ಪಶುವೈದ್ಯರಿಗೂ ಆಗದು. ಪರೀಕ್ಷೆಯೇ ಬೇಕು.

ಅಜ್ಜಿಗೆ ಗೊತ್ತಿಲ್ಲದ ಆಪತ್ತು

ಕಂದು ಹಾಕಿದ ಕುರಿಯ ಮರಿ, ಮಾಸು, ಸ್ರಾವ, ಇವುಗಳಲ್ಲಿ ರೋಗಾಣುಗಳು ಕೋಟಿಗಟ್ಟಲೆ ಇರುತ್ತವೆ. ಬರಿಗೈಯಲ್ಲಿ ಮುಟ್ಟಿದರೆ ಚರ್ಮದ ಸಣ್ಣ ಗಾಯದಿಂದಲೂ ಒಳಸೇರುತ್ತವೆ. ಕಣ್ಣಿಗೆ ಸಿಡಿದರೆ, ಒಣಗಿ ದೂಳಾಗಿ ಉಸಿರಿನೊಂದಿಗೆ ಹೋದರೆ, ಕೈ ತೊಳೆಯದೆ ಊಟ ಮಾಡಿದರೆ ಅಷ್ಟೇ ಸಾಕು. ರೊಪ್ಪ ಬಳಿಯುವುದು, ಮರಿ ಒರೆಸುವುದು, ಕುರಿಯ ಬಾಣಂತನ, ಇವೆಲ್ಲ ಯಾರ ಕೆಲಸ ಎಂದು ನಿಮಗೆ ಹೇಳಬೇಕಿಲ್ಲ. ಆದ್ದರಿಂದ ಈ ರೋಗದ ಬಾಗಿಲಲ್ಲಿ ಮೊದಲು ನಿಂತಿರುವವಳು ಮನೆಯ ಹೆಣ್ಣು. ಅವಳು ಗರ್ಭಿಣಿಯಾಗಿದ್ದರೆ ಅವಳ ಮಗುವಿಗೂ ಅಪಾಯ. ಬ್ರುಸೆಲ್ಲಾ, ಕುರಿಯ ಕ್ಲಮೈಡಿಯಾ, ಟಾಕ್ಸೋಪ್ಲಾಸ್ಮಾ, ಕ್ಯೂ ಜ್ವರ ಎಲ್ಲವೂ ಗರ್ಭಕ್ಕೆ ಕೇಡು ಮಾಡಬಲ್ಲವು.

ಈ ವಿಷಯ ತಿಳಿಸಿದಾಗ ಅಜ್ಜಿ ಎದೆ ಹಿಡಿದುಕೊಂಡರು. ಅದೇ ದಿನ ಸೊಸೆಯನ್ನು ಆಸ್ಪತ್ರೆಗೆ ಕರೆದೊಯ್ದರು. ಕುರಿಯ ಮಾಸು ಮುಟ್ಟಿದ್ದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಿದರು. ರಕ್ತ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ, ಕೆಲವು ವಾರ ಬಿಟ್ಟು ಮತ್ತೆ ಮಾಡಿಸಿದಾಗಲೂ ಕಾಣಲಿಲ್ಲ. ಅಲ್‌ಹಮ್ದುಲಿಲ್ಲಾಹ್. ಎಲ್ಲರ ಪಾಲಿಗೂ ಹೀಗೆ ಸುಖಾಂತ್ಯವಾಗುವುದಿಲ್ಲ.

ಮನುಷ್ಯರಲ್ಲಿ ಈ ಕಾಯಿಲೆ ಕಳ್ಳನಂತೆ ಬರುತ್ತದೆ. ಸಂಜೆ ಜ್ವರ, ರಾತ್ರಿ ಬೆವರು, ಬೆಳಿಗ್ಗೆ ಸರಿಹೋದಂತೆ ಅನಿಸುವುದು, ಮತ್ತೆ ಜ್ವರ. ಸೊಂಟ, ಕೀಲುಗಳಲ್ಲಿ ನೋವು, ಏನೂ ಬೇಡವೆನಿಸುವ ಸುಸ್ತು. ಟೈಫಾಯ್ಡ್ ಎಂದೋ ಕ್ಷಯವೆಂದೋ ತಿಳಿದು ತಿಂಗಳುಗಟ್ಟಲೆ ಬೇರೆ ಔಷಧ ನಡೆಯುವುದುಂಟು. ಸರಿಯಾಗಿ ಪತ್ತೆಯಾದರೆ ಮದ್ದಿದೆ. ಸಾಮಾನ್ಯವಾಗಿ ಎರಡು ಬಗೆಯ ಔಷಧವನ್ನು ಒಟ್ಟಿಗೆ ಆರು ವಾರ ಕೊಡುತ್ತಾರೆ. ಗರ್ಭಿಣಿಯರಿಗೆ ಔಷಧವೇ ಬೇರೆ, ಅದನ್ನು ವೈದ್ಯರೇ ನಿರ್ಧರಿಸಬೇಕು. ಜ್ವರ ಇಳಿಯಿತೆಂದು ನಡುವೆ ಮಾತ್ರೆ ಬಿಟ್ಟರೆ ರೋಗ ಮರುಕಳಿಸುತ್ತದೆ. ಮನೆಯಲ್ಲಿ ಕುರಿ ಮೇಕೆ ಇದ್ದರೆ, ಹಸಿ ಹಾಲು ಕುಡಿದಿದ್ದರೆ, ವೈದ್ಯರು ಕೇಳದಿದ್ದರೂ ನೀವಾಗಿಯೇ ಹೇಳಿ.

ಇದಕ್ಕೆ ಮಾಲ್ಟಾ ಜ್ವರವೆಂಬ ಹಳೆಯ ಹೆಸರೂ ಇದೆ. ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ ಬ್ರಿಟಿಷ್ ಸೈನಿಕರು ಜ್ವರದಿಂದ ನರಳುತ್ತಿದ್ದರು. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯ ರೋಗಾಣುವನ್ನು ಕಂಡುಹಿಡಿದರು. ಅದು ಎಲ್ಲಿಂದ ಬರುತ್ತದೆಂಬುದು ಮಾತ್ರ ತಿಳಿಯಲಿಲ್ಲ. 1905ರಲ್ಲಿ ಆ ದ್ವೀಪದವರೇ ಆದ ವೈದ್ಯ ಝಮ್ಮಿತ್, ನೋಡಲು ಆರೋಗ್ಯವಾಗಿದ್ದ ಮೇಕೆಗಳ ರಕ್ತದಲ್ಲಿ ಅದರ ಸುಳಿವು ಹಿಡಿದರು. 1906ರಲ್ಲಿ ಸೈನಿಕರಿಗೆ ಮೇಕೆ ಹಾಲು ನಿಲ್ಲಿಸಲಾಯಿತು, ಜ್ವರವೂ ಇಳಿಯಿತು. ಬೆಂಗಳೂರಿನಲ್ಲಿ ಡೆಂಗಿ ಹರಡಿದಾಗಲೆಲ್ಲ ಮೇಕೆ ಹಾಲಿಗಾಗಿ ಹುಡುಕಾಡಿ ಹಸಿಯಾಗಿ ಕುಡಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಯಾವುದೇ ಹಾಲನ್ನು ಚೆನ್ನಾಗಿ ಕುದಿಸಿದರೆ ಈ ರೋಗಾಣು ಸಾಯುತ್ತದೆ. ಚೆನ್ನಾಗಿ ಬೆಂದ ಮಾಂಸದಿಂದಲೂ ಭಯವಿಲ್ಲ. ಹಸಿ ಕಲೇಜಿ, ಬೋಟಿ ಶುಚಿ ಮಾಡುವಾಗ ಕೈಯಲ್ಲಿ ಗಾಯವಿದ್ದರೆ ಮುಚ್ಚಿಕೊಳ್ಳಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ.

ಕಂದು ಹಾಕಿದಾಗ ಏನು ಮಾಡಬೇಕು?

ನಿಮ್ಮ ಮನೆಯಲ್ಲೋ ತವರಿನಲ್ಲೋ ಕುರಿ ಮೇಕೆಗಳಿದ್ದರೆ ಇಷ್ಟು ನೆನಪಿಡಿ.

ಕಂದು ಹಾಕಿದ ಕುರಿಯನ್ನು ಆ ಕ್ಷಣವೇ ಬೇರೆ ಕಟ್ಟಿ. ಸ್ರಾವ ಪೂರ್ತಿ ನಿಂತು, ಪರೀಕ್ಷೆಯ ಫಲ ಬರುವವರೆಗೆ ಹಿಂಡಿಗೆ ಸೇರಿಸಬೇಡಿ. ಅದರ ಮೇವು ನೀರು ಬೇರೆಯಾಗಿರಲಿ.

ಬಿದ್ದ ಮರಿ, ಮಾಸುಗಳನ್ನು ತಿಪ್ಪೆಗೆ ಎಸೆಯಬೇಡಿ, ಕೆರೆಗೆ ಬಿಡಬೇಡಿ, ನಾಯಿಗೆ ಹಾಕಬೇಡಿ. ನಾಯಿ ಕಚ್ಚಿಕೊಂಡು ಹೋದರೆ ಊರಿಗೆಲ್ಲ ಹಂಚಿದಂತೆ. ಕೈಗವಸು ಹಾಕಿ, ಇಲ್ಲದಿದ್ದರೆ ದಪ್ಪ ಪ್ಲಾಸ್ಟಿಕ್ ಚೀಲದೊಳಗೆ ಕೈ ತೂರಿಸಿ, ಮೂಗು ಬಾಯಿಗೆ ಬಟ್ಟೆ ಕಟ್ಟಿ ಎತ್ತಬೇಕು. ಪಶುವೈದ್ಯರು ಮಾದರಿ ತೆಗೆದುಕೊಂಡ ಮೇಲೆ ಆಳವಾದ ಗುಂಡಿಯಲ್ಲಿ ಸುಣ್ಣ ಸುರಿದು ಹೂಳಬೇಕು. ಕುರಿ ಮಲಗಿದ್ದ ಹುಲ್ಲನ್ನು ಸುಡಿ, ನೆಲಕ್ಕೆ ಬ್ಲೀಚಿಂಗ್ ಪುಡಿಯ ನೀರು ಹಾಕಿ. ನೆರಳಿನ ತೇವ ಮಣ್ಣಿನಲ್ಲಿ ಈ ರೋಗಾಣು ವಾರಗಟ್ಟಲೆ ಬದುಕುತ್ತದೆ. ಬಿಸಿಲು ಅದರ ಶತ್ರು.

ಗರ್ಭಿಣಿಯರು ಮತ್ತು ಮಕ್ಕಳು ಆ ಸಮಯದಲ್ಲಿ ರೊಪ್ಪದ ಹತ್ತಿರವೂ ಸುಳಿಯಬಾರದು. ರೊಪ್ಪದಲ್ಲಿ ಕೆಲಸ ಮಾಡಿದವರ ಬಟ್ಟೆಯನ್ನೂ ಗರ್ಭಿಣಿಯರು ಒಗೆಯಬಾರದು. ಆ ದಿನಗಳಲ್ಲಿ ಗಂಡಸರು ಆ ಕೆಲಸ ಮಾಡಲಿ. ಅದರಲ್ಲಿ ಮಾನ ಹೋಗುವುದೇನೂ ಇಲ್ಲ. ಪ್ರವಾದಿ ಮುಹಮ್ಮದ್(ಸ) ತಮ್ಮ ಮನೆಯ ಕೆಲಸಗಳಲ್ಲಿ ಕೈಜೋಡಿಸುತ್ತಿದ್ದರು. ಮಕ್ಕಾದವರ ಕುರಿಗಳನ್ನು ಕೂಲಿಗೆ ಮೇಯಿಸಿದ್ದನ್ನೂ ಅವರೇ ಹೇಳಿಕೊಂಡಿದ್ದಾರೆ.

ಹತ್ತಿರದ ಸರಕಾರಿ ಪಶು ಆಸ್ಪತ್ರೆಗೆ ತಿಳಿಸಿ, ಅಥವಾ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ. ಬೆಂಗಳೂರಿನವರಿಗೆ ಒಂದು ಅನುಕೂಲವಿದೆ. ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆ, ಯಲಹಂಕದಲ್ಲಿ ನಿವೇದಿ ಎಂಬ ರಾಷ್ಟ್ರೀಯ ಸಂಸ್ಥೆ ಎರಡೂ ನಮ್ಮ ನಗರದಲ್ಲೇ ಇವೆ. ಅಂಗಡಿಯಿಂದ ಸೂಜಿಮದ್ದು ತಂದು ನೀವೇ ಚುಚ್ಚಬೇಡಿ. ಕೆಲವು ಸೋಂಕಿಗೆ ಅದು ನಾಟಿದರೂ ಬ್ರುಸೆಲ್ಲಾ ಹಿಡಿದ ಕುರಿ ಅದರಿಂದ ಶುದ್ಧವಾಗುವುದಿಲ್ಲ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಯೋಜನೆಯಲ್ಲಿ ಬ್ರುಸೆಲ್ಲಾ ಲಸಿಕೆ ಇರುವುದು 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ, ಕುರಿಗಳಿಗಲ್ಲ. ಆದ್ದರಿಂದ ಕುರಿಗೆ ಎಚ್ಚರಿಕೆಯೇ ಲಸಿಕೆ. ಪಿಪಿಆರ್‌ಗೆ ಮಾತ್ರ ಒಳ್ಳೆಯ ಲಸಿಕೆಯಿದೆ, ಅದನ್ನು ತಪ್ಪದೆ ಹಾಕಿಸಿ.

ಮಾರಿಬಿಟ್ಟರೆ ಮುಗಿಯಿತೇ?

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಇದು. ಕಂದು ಹಾಕಿದ ಕುರಿಗೆ ಹೊರನೋಟಕ್ಕೆ ಏನೂ ಆಗಿರುವುದಿಲ್ಲ. ನಾಲ್ಕು ದಿನ ಕಳೆದರೆ ಮೇಯುತ್ತದೆ, ಮೈ ತುಂಬಿಕೊಳ್ಳುತ್ತದೆ. ಬ್ರುಸೆಲ್ಲಾ ಇದ್ದರೂ ಮುಂದಿನ ಸಲ ಸರಿಯಾಗಿಯೇ ಮರಿ ಹಾಕಬಹುದು. ಆದರೆ ಹಾಲಿನಲ್ಲಿ, ಸ್ರಾವದಲ್ಲಿ ರೋಗಾಣು ಹೊರಬರುತ್ತಲೇ ಇರುತ್ತದೆ. ಸಂತೆಗೆ ಹೊಡೆದುಕೊಂಡು ಹೋಗಿ ಬಾಯಿ ಮುಚ್ಚಿಕೊಂಡು ಮಾರಿದರೆ ಕೇಳುವವರಿಲ್ಲ. ಕೊಂಡವನು ಅದನ್ನು ತನ್ನ ಹಿಂಡಿಗೆ ಸೇರಿಸುತ್ತಾನೆ. ಮುಂದಿನ ವರ್ಷ ಇನ್ನೊಂದು ರೊಪ್ಪದಲ್ಲಿ ಇನ್ನೊಬ್ಬ ಸೊಸೆ ಬರಿಗೈಯಲ್ಲಿ ಮಾಸು ಬಾಚುತ್ತಾಳೆ.

ಆ ಮನೆಗೂ ವ್ಯಾಪಾರಿ ಬಂದಿದ್ದನಂತೆ. ಮೂರನ್ನೂ ಕೊಟ್ಟುಬಿಡಿ, ಹಳ್ಳಿಯ ಕಡೆ ಸಾಕುವವರಿಗೆ ದಾಟಿಸುತ್ತೇನೆ ಎಂದನಂತೆ. ಸಾಲವಿದ್ದ ಮನೆ, ಹಣ ಬೇಕಿತ್ತು. ಆದರೂ ಅಜ್ಜಿ ಒಪ್ಪಲಿಲ್ಲ. "ನಮ್ ರೊಪ್ಪದ ಬೆಂಕೀನ ಇನ್ನೊಬ್ರ ರೊಪ್ಪಕ್ಕೆ ಹಾಕಿದಂಗೆ ಆಗಲ್ವಾ ತಾಯಿ?" ಎಂದು ನನ್ನನ್ನೇ ಕೇಳಿದರು.

ನಮ್ಮ ಧರ್ಮ ಹೇಳುವುದೂ ಇದನ್ನೇ. ರೋಗ ಬಂದ ಜಾನುವಾರುಗಳ ಒಡೆಯ ಅವುಗಳನ್ನು ಆರೋಗ್ಯವಂತ ಜಾನುವಾರುಗಳ ಬಳಿಗೆ ಒಯ್ಯಬಾರದೆಂದು ಪ್ರವಾದಿ(ಸ) ತಾಕೀತು ಮಾಡಿದ್ದನ್ನು ಅಬೂ ಹುರೈರಾ(ರ) ವರದಿ ಮಾಡಿದ್ದಾರೆ. ಸೂಕ್ಷ್ಮದರ್ಶಕ ಹುಟ್ಟುವ ಸಾವಿರ ವರ್ಷಗಳ ಮೊದಲಿನ ಮಾತು ಅದು. ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಒದ್ದೆಯಾದ ಭಾಗವನ್ನು ಕೆಳಗೆ ಮುಚ್ಚಿಟ್ಟಿದ್ದ ವ್ಯಾಪಾರಿಯನ್ನು ಅವರು ಎಚ್ಚರಿಸಿದ್ದೂ ನಿಮಗೆ ಗೊತ್ತಿದೆ. ಎದ್ದು ಕಾಣುವ ಕಾಯಿಲೆಯಿರುವ ಪ್ರಾಣಿ ಕುರ್ಬಾನಿಗೂ ಸಲ್ಲದು. ದೋಷವನ್ನು ಮುಚ್ಚಿಟ್ಟು ಪಡೆದ ಹಣ ಹಲಾಲ್ ಆಗುವುದಾದರೂ ಹೇಗೆ? ಪರೀಕ್ಷೆಯಲ್ಲಿ ರೋಗ ಖಚಿತವಾದ ಕುರಿಯನ್ನು ಪಶುವೈದ್ಯರ ಸಲಹೆಯಂತೆ ಹಿಂಡಿನಿಂದ ತೆಗೆಯಬೇಕೇ ಹೊರತು ಸಾಕುವವರಿಗೆ ಮಾರಬಾರದು. ಹೊಸ ಕುರಿ ಕೊಳ್ಳುವವರೂ ಅಷ್ಟೇ, ಸಂತೆಯಿಂದ ತಂದದ್ದನ್ನು ಕೆಲವು ವಾರ ಬೇರೆ ಕಟ್ಟಿ, ರಕ್ತ ಪರೀಕ್ಷೆ ಮಾಡಿಸಿ, ಆಮೇಲೆ ಹಿಂಡಿಗೆ ಬಿಡಬೇಕು.

ಮದ್ಯನ್‌ನ ಬಾವಿಯ ಬಳಿ ತಮ್ಮ ಕುರಿಗಳನ್ನು ತಡೆದುಕೊಂಡು ದೂರದಲ್ಲಿ ನಿಂತಿದ್ದ ಇಬ್ಬರು ಹೆಣ್ಣುಮಕ್ಕಳ ಕಥೆ ಕುರ್‌ಆನಿನಲ್ಲಿದೆ. ಪ್ರವಾದಿ ಮೂಸಾ(ಅ) ಅವರನ್ನು ಕಂಡು, ನಿಮ್ಮ ಸಂಗತಿಯೇನೆಂದು ಕೇಳಿದರು, ಆಮೇಲೆ ಅವರ ಕುರಿಗಳಿಗೆ ನೀರು ಕುಡಿಸಿದರು. ಸಹೋದರಿಯರೇ, ಮುಂದಿನ ಬಾರಿ ಕುರಿ ಕೊಳ್ಳಲು ಮೈಸೂರು ರಸ್ತೆಗೆ ಹೋದಾಗ ಬೆಲೆಯ ಜೊತೆಗೆ ಇದನ್ನೂ ಕೇಳಿ: ಇದು ಯಾವ ರೊಪ್ಪದ್ದು, ಅಲ್ಲಿ ಕುರಿಗಳು ಸುಖವಾಗಿ ಮರಿ ಹಾಕಿದವೇ, ಮನೆಯ ಹೆಂಗಸರು ಆರೋಗ್ಯವಾಗಿದ್ದಾರೆಯೇ? ಕೊಳ್ಳುವವರು ಕೇಳತೊಡಗಿದರೆ ಮಾರುವವರು ಮುಚ್ಚಿಡುವುದು ಕಷ್ಟವಾಗುತ್ತದೆ.